ಹೊಗೆಗೊಂದಿಷ್ಟು ಎತ್ತರ

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಬೆಂಕಿಗೂಡು ಇದೆ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸ್ವಲ್ಪ ಸಂಕೋಚ. ನನ್ನ ತವರು ಹಳಿಯಾಳ. ಅಲ್ಲಿಯವರ ಪ್ರಕಾರ ಮನೆಯಲ್ಲಿ ಬೆಂಕಿ ಇರಬೇಕಾದದ್ದು ಅಡುಗೆಮನೆಯ ಒಲೆಯಲ್ಲಿ, ಇಲ್ಲವೇ ಬಚ್ಚಲಿನ ಹಂಡೆಯ ಬುಡದಲ್ಲಿ. ಬಂದವರನ್ನು ಕೂಡಿಸುವ ಜಾಗದಲ್ಲಿ ಬೆಂಕಿ ಹಾಕುವವರನ್ನು ಅವರು ಕಂಡಿರಲಿಲ್ಲ. ದಾಂಡೇಲಿಯ ಈ ಮನೆಗೆ ಮೊದಲ ಸಲ ಬಂದ ನಮ್ಮ ಸೋದರತ್ತೆ ಅದರೊಳಗೆ ಬಗ್ಗಿ ನೋಡಿ, "ಇಲ್ಲಿ ರೊಟ್ಟಿ ಬೇಯಸ್ತೀರೇನ?" ಎಂದು ಕೇಳಿದಳು. ಇಲ್ಲ, ಸುಮ್ಮನೆ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತೇವೆ ಎಂದೆ. "ಬರೇ ಕುಂಡ್ರೂ ಸಲುವಾಗಿ ಕಟಗಿ ಸುಡತೀರಿ?" ಎಂದಳು ಅವಳು.

ಬೆಂಕಿಗೂಡು ನಾವು ಕಟ್ಟಿಸಿದ್ದಲ್ಲ. ಮೌಳಂಗಿಯ ದಾರಿಯಲ್ಲಿರುವ ಈ ಹೆಂಚಿನ ಮನೆಯನ್ನು ಕಟ್ಟಿಸಿದವನು ಹಿಂದಿನ ಕಾಲದ ಒಬ್ಬ ಕಟ್ಟಿಗೆ ಗುತ್ತಿಗೆದಾರ. ಅವನು ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆಯವರ ಹಳೆಯ ಬಂಗಲೆ ನೋಡಿ ಬಂದು ತನಗೂ ಅಲ್ಲಿಯಂಥದೇ ಬೆಂಕಿಗೂಡು ಬೇಕೆಂದು ಹಟ ಹಿಡಿದನಂತೆ. ಗೋಡೆ ಕಟ್ಟುವ ಗೌಂಡಿ ಒಳಗಿನ ಮರ್ಮ ತಿಳಿಯದೆ ಹೊರಗಿನ ರೂಪವನ್ನಷ್ಟೇ ಇಳಿಸಿಕೊಟ್ಟ. ಹಾಗಾಗಿ ಗೂಡಿನ ಮುಂಭಾಗ ರಾಜನ ಕಿರೀಟದ ಹಾಗಿದೆ, ಹೊಗೆ ಹೋಗುವ ಚಿಮಣಿ ಮಾತ್ರ ಹೆಂಚಿನಿಂದ ಕತ್ತೆತ್ತಿ ಯಾರಾದರೂ ಇದ್ದಾರೋ ಎಂದು ನೋಡುವಷ್ಟೇ ಗಿಡ್ಡ.

ಚಿಮಣಿ ಎಂಬ ಮಾತನ್ನೇ ನೋಡಿ. ನಮ್ಮ ಕಡೆ ಅದು ಸೀಮೆಎಣ್ಣೆಯ ಬುಡ್ಡಿ. ಅದಕ್ಕೆ ಹಾಕುವುದು ಚಿಮಣಿ ಎಣ್ಣೆ. ಊರಿನ ಕಾಗದದ ಕಾರ್ಖಾನೆಯ ಆಕಾಶದೆತ್ತರದ ಕೊಳವೆಯೂ ಚಿಮಣಿಯೇ. ಬೆಳಗಾವಿಯ ಕಡೆಯ ಮರಾಠಿಯವರಿಗೆ ಚಿಮಣಿ ಎಂದರೆ ಗುಬ್ಬಿ. ನಮ್ಮ ಪಕ್ಕದ ಮನೆಯ ಈರಪ್ಪ ಖಾನಾಪುರದ ಕಡೆಯವನು. ಒಂದು ಬೇಸಿಗೆಯಲ್ಲಿ ಗೋಡೆಯಾಚೆಯಿಂದ ಅವನು, "ವೈನಿ, ನಿಮ್ಮ ಚಿಮಣ್ಯಾಗ ಚಿಮಣಿ ಗೂಡು ಕಟ್ಟೇತಿ ನೋಡ್ರಿ" ಎಂದು ಕೂಗಿದ್ದ. ಕನ್ನಡದ ಮೇಷ್ಟ್ರಮ್ಮನಾಗಿಯೂ ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಈರಪ್ಪ ನನಗಿಂತ ಚಿಕ್ಕವನು. ಅತ್ತಿಗೆ ಎನ್ನುವಂತೆ ನನ್ನನ್ನು ವೈನಿ ಎನ್ನುತ್ತಾನೆ. ಅದಕ್ಕೇ ಇಲ್ಲಿ ಅವನಿಗೆ ಏಕವಚನ, ತಪ್ಪು ತಿಳಿಯಬೇಡಿ.

ನಮ್ಮ ಯಜಮಾನರು ರುದ್ರಪ್ಪ, ಧಾರವಾಡದ ಕಡೆಯ ಒಕ್ಕಲು ಮನೆತನದವರು, ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸಕ್ಕಿದ್ದರು. ಈರಪ್ಪ ಅದೇ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಅಂಗಳದ ಮೇಲ್ವಿಚಾರಕ. ಇಬ್ಬರೂ ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿ, ಒಂದೇ ಸೈಕಲ್ಲಿನಲ್ಲಿ ಓಡಾಡಿ, ಕಡೆಗೆ ಅಕ್ಕಪಕ್ಕದ ಮನೆಗಳನ್ನೇ ಕೊಂಡವರು. ದಿನವಿಡೀ ಬೆಂಕಿಯ ಮುಂದೆ ಬೆಂದು ಬಂದ ಮನುಷ್ಯನಿಗೆ ಮನೆಯಲ್ಲಿ ಬೆಂಕಿ ಕಂಡರೆ ಸಿಟ್ಟು ಬರಬೇಕು. ಇವರಿಗೆ ಬರಲಿಲ್ಲ. "ಅಲ್ಲಿ ಬೆಂಕಿ ನನ್ನ ಮಾಲಕ. ಇಲ್ಲಿ ನಾ ಅದರ ಮಾಲಕ" ಎನ್ನುತ್ತಿದ್ದರು. ಕಾಳಿ ನದಿಯಿಂದ ಮಂಜು ಎದ್ದು ರಸ್ತೆಯ ದೀಪಗಳನ್ನು ನುಂಗುವ ಕಾಲ ಬಂತೆಂದರೆ ಸಂಜೆ ಗೂಡಿನಲ್ಲಿ ಬೆಂಕಿ ಬೀಳುತ್ತಿತ್ತು. ಈರಪ್ಪ, ಅವನ ಹೆಂಡತಿ ಶಾಂತವ್ವ ಬರುತ್ತಿದ್ದರು. ಕೆಂಡದಲ್ಲಿ ಗೆಣಸು ಹುಗಿದಿಟ್ಟು ಗಂಡಸರು ಕಾರ್ಖಾನೆಯ ಹಳೆಯ ಮಾತು ಆಡುತ್ತಿದ್ದರು, ನಾವು ಹೆಂಗಸರು ಗಂಡಸರ ಮಾತು ಆಡುತ್ತಿದ್ದೆವು.

ಯಜಮಾನರಿಗೆ ಯಾರಾದರೂ ಚಿಮಣಿಯ ಬಗ್ಗೆ ಕೇಳಿಬಿಟ್ಟರೆ ಮುಗಿಯಿತು. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅದು ಬಿಟ್ಟ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಇದೇ ಸೆಳೆತ. ಕೊಳವೆ ಎತ್ತರವಾದಷ್ಟೂ ಸೆಳೆತ ಹೆಚ್ಚು. ಆದರೆ ಪಕ್ಕದಲ್ಲಿ ಚಿಮಣಿಗಿಂತ ಎತ್ತರದ್ದು ಏನಾದರೂ ನಿಂತಿತೋ, ಗಾಳಿ ಅದನ್ನು ಹತ್ತಿ ದಾಟಿ, ಒಡ್ಡು ದಾಟಿದ ನೀರಿನಂತೆ ಈಚೆ ಧುಮುಕುತ್ತದೆ. ಹೊಗೆಯನ್ನು ತಲೆ ಹಿಡಿದು ಮತ್ತೆ ಕೊಳವೆಯೊಳಗೆ ತುರುಕುತ್ತದೆ. ನಮ್ಮ ಗಿಡ್ಡ ಚಿಮಣಿ ಅಷ್ಟು ವರ್ಷ ಸರಿಯಾಗಿ ಸೆಳೆದದ್ದಕ್ಕೆ ಕಾರಣ ಈರಪ್ಪನ ಮನೆಯೂ ನಮ್ಮಷ್ಟೇ ಗಿಡ್ಡವಾಗಿದ್ದದ್ದು.

ಹೀಗಿರುವಾಗ ಈರಪ್ಪ ಮಾಳಿಗೆ ಕಟ್ಟಿಸಲು ಹೊರಟ. ಅವನ ಮಗಳು ಹೊಲಿಗೆ ಕಲಿಸುವ ತರಗತಿ ಇಡುವವಳಿದ್ದಳು. ಅದಕ್ಕೆ ಜಾಗ ಬೇಕಾಗಿತ್ತು. ನಮ್ಮ ಚಿಮಣಿಗೆ ಅಂಟಿಕೊಂಡ ಹಾಗೆ ಗೋಡೆ ಏಳತೊಡಗಿದಾಗ ಯಜಮಾನರು ಹೋಗಿ, ಆ ಮೂಲೆಯನ್ನು ಸ್ವಲ್ಪ ಹಿಂದೆ ಸರಿಸಲು ಆಗುತ್ತದೆಯೇ, ಇಲ್ಲದಿದ್ದರೆ ನಮ್ಮ ಮನೆ ಹೊಗೆ ತುಂಬುತ್ತದೆ ಎಂದು ಹೇಳಿದರು. ಈರಪ್ಪನ ತಲೆ ಅಂದು ಸಿಮೆಂಟು, ಉಸುಕು, ಗೌಂಡಿಗಳ ತಕರಾರಿನಲ್ಲಿ ಬಿಸಿಯಾಗಿತ್ತು. "ನನ್ನ ಜಾಗಾದಾಗ ನಾ ಕಟ್ಟತೇನಿ. ನಿನ್ನ ಹೊಗಿ ಕೇಳಿ ಮನಿ ಕಟ್ಟೂದೇನು?" ಎಂದುಬಿಟ್ಟ. ಯಜಮಾನರು ಸಾಮಾನ್ಯವಾಗಿ ಕಡಿಮೆ ಮಾತಿನವರು. ಅಂಥವರು ಒಂದು ಮಾತು ಆಡಿದರೆ ಅದು ಸರಿಯಾಗಿ ನಾಟುತ್ತದೆ. "ಕಟ್ಟು. ಮನಿನಾರ ಎತ್ತರ ಆಗಲಿ. ನಿನಗಂತೂ ಎತ್ತರ ಆಗಾಕ ಆಗಲಿಲ್ಲ" ಎಂದರು.

ಈರಪ್ಪ ಆಳು ಗಿಡ್ಡ. ಗೌಂಡಿಗಳು ನಕ್ಕರು.

ಅಂದಿನಿಂದ ಗಂಡಸರ ಮಾತು ನಿಂತಿತು. ನಾನು, ಶಾಂತವ್ವ ಹಿತ್ತಲಿನ ಗೋಡೆಯ ಮೇಲೆ ಪುಂಡಿಪಲ್ಯ, ಅಗಸೆ ಚಟ್ನಿ ದಾಟಿಸುವುದನ್ನು ಬಿಡಲಿಲ್ಲ. ಆದರೆ ನಮ್ಮ ಮಾತೂ ಪಲ್ಯ, ಚಟ್ನಿಗಳನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ. ಮಾಳಿಗೆ ಎದ್ದಿತು. ಮುಂದಿನ ಚಳಿಗಾಲ ಬೆಂಕಿ ಹಾಕಿದ ಮೊದಲ ಸಂಜೆಯೇ ಹೊಗೆ ಪಡಸಾಲೆಗೆ ಮರಳಿತು. ನಾವಿಬ್ಬರೂ ಕಣ್ಣುಜ್ಜುತ್ತ ಅಂಗಳಕ್ಕೆ ಓಡಿದೆವು. ಯಜಮಾನರು ಕೊಳ್ಳಿಗಳ ಮೇಲೆ ನೀರು ಸುರಿದು, ಗೂಡಿನ ಬಾಯಿಗೆ ಒಂದು ತಗಡು ನಿಲ್ಲಿಸಿದರು. ನಾನು ಅದರ ಮುಂದೆ ಹೂಕುಂಡ ಇಟ್ಟೆ. ನೋಡುವವರಿಗೆ ಚೆನ್ನಾಗಿಯೇ ಇತ್ತು.

ಎರಡು ಚಳಿಗಾಲ ಹೀಗೆ ಹೋದವು. ಆಮೇಲೆ ಯಜಮಾನರಿಗೆ ನ್ಯುಮೋನಿಯಾ ಬಂತು. ಧಾರವಾಡದ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿ ಎದ್ದು ಬಂದರು. ಎದ್ದು ಬಂದದ್ದು ದೇಹ ಮಾತ್ರ ಎಂದು ನನಗೆ ಮನೆಗೆ ಬಂದ ಮೇಲೆ ತಿಳಿಯಿತು. ಕುರ್ಚಿಯಲ್ಲಿ ಕೂಡಿಸಿದರೆ ಕೂಡುವರು, ಉಣ್ಣಿಸಿದರೆ ಉಣ್ಣುವರು. ಪತ್ರಿಕೆ ಮಡಿಲಲ್ಲಿಟ್ಟರೆ ಸಂಜೆಯವರೆಗೂ ಅದೇ ಪುಟ. ಯಾವಾಗಲೂ ಚಳಿ, ಬಿಸಿಲಿನಲ್ಲಿಯೂ ಕೈ ತಣ್ಣಗೆ. ಬೆಚ್ಚಗೆ ಇಡಿ, ಹೊಗೆ ಧೂಳು ಸೋಕಬಾರದು ಎಂದು ವೈದ್ಯರು ಹೇಳಿದ್ದರು. ನಾನು ಕರೆಂಟಿನ ಹೀಟರು ತರಿಸಿದೆ. ಅದರ ಕೆಂಪು ತಂತಿಯನ್ನು ಅವರು ಸ್ವಲ್ಪ ಹೊತ್ತು ನೋಡಿ ಮುಖ ತಿರುಗಿಸಿದರು.

ಒಂದು ಮಧ್ಯಾಹ್ನ ಅವರು ತಾವಾಗಿ ಬಾಯಿ ಬಿಟ್ಟು ಕೇಳಿದ್ದು ಒಂದೇ ಮಾತು: "ಗೂಡಿನ್ಯಾಗ ಬೆಂಕಿ ಹಾಕತೀಯೇನು?"

ಹೊಗೆಯಾಗುತ್ತದೆ ಎಂದು ಅವರಿಗೆ ನಾನು ತಿಳಿಸಿಕೊಡಬೇಕೇ? ಅವರೂ ಮತ್ತೆ ಕೇಳಲಿಲ್ಲ. ಆಸ್ಪತ್ರೆಯ ಅಷ್ಟು ದಿನಗಳಲ್ಲಿ ಬರದಿದ್ದ ಅಳು ನನಗೆ ಅಂದು ಬಂತು. ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದು, ವೆಲ್ಡಿಂಗ್ ಕೆಲಸದ ದಸ್ತಗೀರನಿಗೆ ಹೇಳಿ ಕಳಿಸಿದೆ. ಚಿಮಣಿಯ ಮೇಲೆ ಕಬ್ಬಿಣದ ಕೊಳವೆ ಕೂಡಿಸಿ ಈರಪ್ಪನ ಮಾಳಿಗೆಗಿಂತ ಎತ್ತರ ಮಾಡಬೇಕು, ಅಷ್ಟೇ. ಇಷ್ಟು ಸರಳ ವಿಷಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಸರಳವಲ್ಲ ಎಂದು ಆಮೇಲೆ ತಿಳಿಯಿತು.

ದಸ್ತಗೀರ ಉತ್ಸಾಹದ ಮನುಷ್ಯ; ಅಳತೆ ತೆಗೆದುಕೊಳ್ಳುವುದೆಂದರೆ ಮಾತ್ರ ಅವನಿಗೆ ಬೇಸರ. ಅವನು ತನ್ನ ಅಂಗಡಿಯಲ್ಲಿ ಬಿದ್ದಿದ್ದ ಒಂದು ಉದ್ದ ಕೊಳವೆಯನ್ನು ತಂದು ಹೆಂಚಿನ ಮಾಡಿನ ಮೇಲೆ ಏರಿಸುತ್ತಿದ್ದ. ಯಜಮಾನರು ಅಂಗಳದಲ್ಲಿ ಶಾಲು ಹೊದ್ದು ಕೂತಿದ್ದರು. ನಾನು ಏಣಿ ಹಿಡಿದಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಏ ದಸ್ತಗೀರ! ಅದೇನು ಬಂದೂಕದ ನಳಗಿ ತಂದೀಯೇನು? ಕೆಳಗ ಚಿಮಣಿ ಎಷ್ಟ ಅಗಲ ಐತಿ, ಮ್ಯಾಲ ಕೊಳವಿ ಎಷ್ಟ ಸಣ್ಣದೈತಿ, ಕಣ್ಣ ಇಲ್ಲೇನು? ಹಿಂಗ ಕುತಿಗಿ ಹಿಚುಕಿದರ ಹೊಗಿ ಎಲ್ಲಿಂದ ಹೋಗಬೇಕು?"

ನಾನು ಏಣಿ ಬಿಟ್ಟು ತಿರುಗಿ ನೋಡಿದೆ. ದಸ್ತಗೀರ ಮೇಲಿನಿಂದ, "ಅಮ್ಮಾರ, ಏಣಿ!" ಎಂದು ಕೂಗಿಕೊಂಡ. ಅಷ್ಟು ವಾರಗಳಲ್ಲಿ ನಮ್ಮ ಯಜಮಾನರು ಆಡಿದ ಅತಿ ದೀರ್ಘ ಮಾತು ಅದು. ಬೈಗುಳ ಕೇಳಿ ಹಾಗೆ ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅಂದಿನಿಂದ ಅವರಿಗೆ ಕೆಲಸ ಸಿಕ್ಕಿತು. ಇದ್ದಿಲಿನಿಂದ ಅಂಗಳದ ಕಲ್ಲಿನ ಮೇಲೆ ಚಿತ್ರ ಬರೆದರು. ಕೊಳವೆಯ ಅಗಲ ಕೆಳಗಿನಷ್ಟೇ ಇರಬೇಕು. ತೆಳು ಕಬ್ಬಿಣ ಬೇಗ ತಣ್ಣಗಾಗುತ್ತದೆ, ತಣ್ಣಗಾದ ಹೊಗೆ ಮೇಲೇರಲು ಮನಸ್ಸು ಮಾಡುವುದಿಲ್ಲ. ಆದ್ದರಿಂದ ಒಂದು ಕೊಳವೆಯ ಸುತ್ತ ಇನ್ನೊಂದು ಕೊಳವೆ ಹೊದಿಸಿ ನಡುವೆ ಬೂದಿ ತುಂಬಬೇಕು. ನೆತ್ತಿಯ ಮೇಲೆ ಮಳೆಗೆ ಟೋಪಿ ಬೇಕು, ಆದರೆ ಟೋಪಿ ಬಾಯಿಗೆ ತಾಗಬಾರದು. ಹೇಳುತ್ತ ಹೇಳುತ್ತ ದಮ್ಮು ಹಿಡಿಯುತ್ತಿತ್ತು. ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೇಳುತ್ತಿದ್ದರು. ಊಟಕ್ಕೆ ಕರೆದರೆ, "ತಡಿ, ಈ ಗೆರಿ ಮುಗಸ್ತೇನಿ" ಎನ್ನುತ್ತಿದ್ದರು. ಉಪ್ಪು ಕಡಿಮೆ ಎಂದು ತಕರಾರು ತೆಗೆದ ದಿನ ನಾನು ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಹೊಸ ಕೊಳವೆ ಏರಿತು. ನೋಡಲು ನಮ್ಮ ಮನೆ ಸಣ್ಣದೊಂದು ಕಾರ್ಖಾನೆಯ ಹಾಗೆ ಕಾಣುತ್ತಿತ್ತು. ಆದರೆ ಆ ಸಂಜೆ ಗಾಳಿ ಬೀಸಿದ್ದೇ ಕೊಳವೆ ತೂಗಾಡಿತು; ಬುಡದ ಇಟ್ಟಿಗೆ ಬಿರುಕು ಬಿಟ್ಟಿತು. ದಸ್ತಗೀರ ಓಡಿ ಬಂದು ಹಗ್ಗ ಕಟ್ಟಿದ. ಅಷ್ಟು ಎತ್ತರದ ಕೊಳವೆಗೆ ನಡುವೆ ಒಂದು ಆಸರೆ ಬೇಕೇ ಬೇಕು, ನಮ್ಮ ಹೆಂಚಿನ ಮಾಡು ಅದನ್ನು ತಡೆಯುವುದಿಲ್ಲ ಎಂದ. ಮತ್ತೆ ಎಲ್ಲಿಗೆ ಬಿಗಿಯುವುದು ಎಂದೆ.

ದಸ್ತಗೀರ ಪಕ್ಕಕ್ಕೆ ಕಣ್ಸನ್ನೆ ಮಾಡಿದ. ಕೈಯಳತೆಯಲ್ಲಿ, ಗಟ್ಟಿಮುಟ್ಟಾಗಿ, ಸುಣ್ಣ ಬಳಿದುಕೊಂಡು ಈರಪ್ಪನ ಮಾಳಿಗೆಯ ಗೋಡೆ ನಿಂತಿತ್ತು.

ಯಜಮಾನರು ಎದ್ದು ಒಳಗೆ ಹೋದರು. "ಕೊಳವಿ ಇಳಿಸಿಬಿಡು ಅಂತ ಹೇಳು ಅವಗ" ಎಂದಷ್ಟೇ ಅಂದರು. ಮರುದಿನ ಇದ್ದಿಲು ಮುಟ್ಟಲಿಲ್ಲ. ಪತ್ರಿಕೆ ಮತ್ತೆ ಮಡಿಲಲ್ಲಿ ಹಾಗೆಯೇ ಇತ್ತು.

ನಾನು ಅವರಿಗೆ ಹೇಳದೆ ಈರಪ್ಪನ ಮನೆಗೆ ಹೋದೆ. ಶಾಂತವ್ವ ಕೂಡಲು ಮಣೆ ಕೊಟ್ಟಳು. ಈರಪ್ಪ ಬಾಗಿಲಿಗೆ ಒರಗಿ ನಿಂತು, ನಾನು ಹೇಳಿದ್ದನ್ನೆಲ್ಲ ಕೇಳಿದ. ಗೋಡೆಗೆ ಒಂದು ಕಬ್ಬಿಣದ ಕೊಂಡಿ, ಅಷ್ಟೇ ಬೇಕಾದದ್ದು ಎಂದೆ.

"ವೈನಿ, ಗ್ವಾಡಿ ದೊಡ್ಡ ಮಾತಲ್ಲ" ಎಂದ ಕಡೆಗೆ. "ಸಣ್ಣಾಂವ ಇದ್ದಾಗಿಂದ ಎಲ್ಲಾರೂ ನನ್ನ ಗಿಡ್ಡ ಗಿಡ್ಡ ಅಂದಾರ. ಸಾಲ್ಯಾಗ ಅಂದಾರ, ಕಾರ್ಖಾನ್ಯಾಗ ಅಂದಾರ. ಹೆಣ್ಣ ಕೊಡೂ ಮುಂದ ಇಕಿ ಮನ್ಯಾವರೂ ಅಂದಾರ. ಅನ್ನದಾಂವ ಒಬ್ಬನ ಇದ್ದ, ರುದ್ರಣ್ಣ. ಅವನೂ ಅಂದ. ಅದೂ ಗೌಂಡಿಗಳ ಮುಂದ."

ಶಾಂತವ್ವ, "ಆ ಮನಶಾ ಸತ್ತು ಬದಕಿ ಬಂದಾನ. ನೀವು ಇನ್ನೂ ಅದನ್ನ ಹಿಡಕೊಂಡು ಕುಂತೀರಿ" ಎಂದು ಗಂಡನಿಗೆ ಗದರಿದಳು. "ನೀ ಸುಮ್ಮನಿರು. ನಿನಗ ತಿಳ್ಯಾಂಗಿಲ್ಲ" ಎಂದು ಅವನು ಒಳಗೆ ನಡೆದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಮುಚ್ಚಿಡಬಹುದಾಗಿತ್ತು, ಆದರೆ ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಅವರಿಂದ ಏನನ್ನೂ ಮುಚ್ಚಿಟ್ಟು ಅಭ್ಯಾಸವಿಲ್ಲ. ಅನ್ನದವನು ಒಬ್ಬನೇ ಇದ್ದ ಎಂಬ ಮಾತಿಗೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ, "ನನ್ನ ಚಪ್ಪಲಿ ಎಲ್ಲಿ?" ಎಂದು ಕೇಳಿದರು.

ನಮ್ಮ ಬಾಗಿಲಿನಿಂದ ಈರಪ್ಪನ ಬಾಗಿಲಿಗೆ ಮಗುವೂ ಅಂಬೆಗಾಲಿಟ್ಟು ಹೋಗಬಹುದು. ಯಜಮಾನರಿಗೆ ಆ ದಿನ ಅದು ಘಟ್ಟ ಹತ್ತಿದಂತಾಯಿತು. ಬೇಲಿ ಹಿಡಿದು ನಿಂತು, ನನ್ನ ಭುಜ ಹಿಡಿದು ನಿಂತು, ಕಡೆಗೆ ಈರಪ್ಪನ ಮನೆಯ ಕಟ್ಟೆಯ ಮೇಲೆ ಕುಸಿದು ಕೂತರು. ಈರಪ್ಪ ಹೊರಗೆ ಬಂದ. ಒಬ್ಬರನ್ನೊಬ್ಬರು ನೋಡಿದರು. ಯಜಮಾನರಿಗೆ ಮಾತಾಡಲು ಉಸಿರು ಇರಲಿಲ್ಲ. ಕೈಯೆತ್ತಿ, ತಡಿ ಎಂಬಂತೆ ಸನ್ನೆ ಮಾಡಿದರು. ಈರಪ್ಪ ನಿಂತೇ ಇದ್ದ.

"ಕೊಂಡಿ ಸಲುವಾಗಿ ಬಂದಿಲ್ಲ, ಈರ್ಯಾ" ಎಂದರು ಉಸಿರು ಸಿಕ್ಕ ಮೇಲೆ. "ಕೊಳವಿ ಇಳಸಾಕ ಹೇಳೇನಿ. ಅವತ್ತ ಆಡಿದ ಮಾತು ಐತೆಲ್ಲಾ, ಅದು ನಿನಗಷ್ಟ ನಾಟೇತಿ ಅಂತ ತಿಳಕೋಬ್ಯಾಡ. ಆಸ್ಪತ್ರ್ಯಾಗ ಮಲಗಿದಾಗ ದಿನಾ ನೆನಪಾತು. ಅದನ್ನ ಹಂಗ ಇಟಗೊಂಡು ಹೋದೇನೋ ಅಂತ ಅಂಜಿಕಿ ಬಂತು. ತಪ್ಪಾತು. ಇಷ್ಟ ಹೇಳಾಕ ಬಂದೆ."

ಈರಪ್ಪ ಒಳಗೆ ತಿರುಗಿ, "ಏ, ನೀರು ತಗೊಂಡ ಬಾ. ದಮ್ ಹತ್ತೇತಿ ಇವಗ, ಕಾಣಸಾಂಗಿಲ್ಲೇನು?" ಎಂದು ಶಾಂತವ್ವನ ಮೇಲೆ ರೇಗಿದ. ಶಾಂತವ್ವ ಆಗಲೇ ತಂಬಿಗೆ ಹಿಡಿದು ಅವನ ಹಿಂದೆಯೇ ನಿಂತಿದ್ದಳು. ಈರಪ್ಪ ಅದನ್ನು ಇಸಿದುಕೊಂಡು ತಾನೇ ಕುಡಿಸಿದ. ಆಮೇಲೆ ಪಕ್ಕದಲ್ಲಿ ಕೂತ. ಬೆನ್ನ ಮೇಲೆ ಕೈಯಿಟ್ಟ. ಇಬ್ಬರೂ ರಸ್ತೆ ನೋಡುತ್ತ ಕೂತರು. ನಾನೂ ಶಾಂತವ್ವನೂ ಒಳಗೆ ಹೋದೆವು; ಗಂಡಸರು ಅಳುವಾಗ ಎದುರಿಗಿರಬಾರದು ಎಂಬ ಶಿಷ್ಟಾಚಾರ ನಮ್ಮಿಬ್ಬರಿಗೂ ಗೊತ್ತಿತ್ತು.

ದಸ್ತಗೀರ ಬಂದಾಗ ಈರಪ್ಪ ತಾನೇ ಮಾಳಿಗೆಯ ಮೇಲೆ ನಿಂತು, ಗೋಡೆಯೊಳಗೆ ಕಬ್ಬಿಣದ ಕಂಬಿ ಎಲ್ಲಿ ಹಾದಿದೆ, ಎಲ್ಲಿ ತೂತು ಹೊಡೆಯಬೇಕು ಎಂದು ತೋರಿಸಿದ. ಒಂದು ಕೊಂಡಿ ಸಾಕೆಂದರೆ ಕೇಳದೆ ಇನ್ನೊಂದನ್ನೂ ಹಾಕಿಸಿದ. ಬಿರುಕಿಗೆ ಸಿಮೆಂಟು ತುಂಬಿ ಒಣಗಲು ಬಿಟ್ಟರು. ಬೆಂಕಿ ಹಾಕುವ ಸಂಜೆ ಯಜಮಾನರು ಮೊದಲು ಒಂದು ಕಾಗದ ಹೊತ್ತಿಸಿ ಗೂಡಿನ ಮೇಲ್ಭಾಗಕ್ಕೆ ಹಿಡಿದರು. ತಣ್ಣಗಿನ ಕೊಳವೆಯನ್ನು ಎಬ್ಬಿಸಬೇಕಂತೆ. ಉರಿ ಒಮ್ಮೆ ಅಲುಗಾಡಿ, ಯಾರೋ ಮೇಲಿನಿಂದ ಕರೆದ ಹಾಗೆ ಗುಂಯ್ ಎಂದು ಒಳಗೆ ಬಾಗಿತು. ಕೊಳ್ಳಿ ಹತ್ತಿತು. ಪಡಸಾಲೆಯಲ್ಲಿ ಒಂದೆಳೆ ಹೊಗೆಯಿಲ್ಲ.

ಮಾಳಿಗೆಯ ಮೇಲಿನಿಂದ ಈರಪ್ಪನ ಕೂಗು ಕೇಳಿತು: "ರುದ್ರಣ್ಣಾ, ಸೆಳೀತೈತೇನು?"

"ಸೆಳೀತೈತಿ!" ಎಂದರು ಇವರು. ಅಷ್ಟು ಜೋರಾಗಿ ಕೂಗಿದ್ದಕ್ಕೆ ಕೆಮ್ಮು ಬಂದು, ನಾನು ಬೆನ್ನು ನೀವಬೇಕಾಯಿತು.

ಆ ಚಳಿಗಾಲವೂ ಅದರ ಮುಂದಿನದೂ ನಮಗೆ ದಕ್ಕಿದವು. ಈರಪ್ಪ ದಿನಾ ಬರುತ್ತಿದ್ದ. ಹಳೆಯ ಮಾತು, ಗೆಣಸು, ಶಾಂತವ್ವನ ನಗೆ ಎಲ್ಲ ಮರಳಿದವು. ಯಜಮಾನರು ಪೂರ್ತಿ ಗುಣವಾಗಲಿಲ್ಲ. ಆಗುವುದಿಲ್ಲ ಎಂದು ನಾಲ್ವರಿಗೂ ಗೊತ್ತಿತ್ತು. ಎರಡನೆಯ ಚಳಿಗಾಲ ಮುಗಿದು, ಮಳೆ ಹಿಡಿದ ಮೇಲೆ, ಒಂದು ಶ್ರಾವಣದ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟು ಅವರು ಹೋದರು. ಈರಪ್ಪ ಹೆಗಲು ಕೊಟ್ಟ. ಉಳಿದವರು ಎತ್ತರದವರಾದ್ದರಿಂದ ಅವನ ಕಡೆ ಭಾರ ಬೀಳುತ್ತಿತ್ತು. ಯಾರೋ ಬದಲಾಯಿಸಿಕೊಳ್ಳಲು ಹೋದರು. ಅವನು ಬಿಡಲಿಲ್ಲ.

ಮತ್ತೆ ಚಳಿ ಬಂತು. ನಾನು ಬೆಂಕಿ ಹಾಕಲಿಲ್ಲ. ಒಬ್ಬಳಿಗಾಗಿ ಯಾಕೆ ಎನ್ನಿಸಿತು. ಬೆಳಕು ಇರುವಾಗಲೇ ಉಂಡು, ಕಂಬಳಿ ಹೊದ್ದು ಮಲಗಿಬಿಡುತ್ತಿದ್ದೆ. ತಗಡನ್ನು ಮತ್ತೆ ಗೂಡಿನ ಬಾಯಿಗೆ ನಿಲ್ಲಿಸಬೇಕೆಂದುಕೊಂಡವಳು ಅದಕ್ಕೂ ಕೈ ಬಾರದೆ ಬಿಟ್ಟಿದ್ದೆ. ದುಃಖ ಎಂದರೆ ಅಳುವುದು ಎಂದು ಮಕ್ಕಳಿಗೆ ಅರ್ಥ ಬರೆಸಿದವಳು ನಾನು. ಏನನ್ನೂ ಮಾಡಲು ಮನಸ್ಸಿಲ್ಲದೆ ಇರುವುದು ಎಂದು ಬರೆಸಬೇಕಾಗಿತ್ತು.

ಒಂದು ಇಳಿಹೊತ್ತು ಶಾಂತವ್ವ ಹಿತ್ತಲಿನ ಗೋಡೆಯ ಬಳಿ ಬಂದು ನಿಂತಳು. ಕೈಯಲ್ಲಿ ಪಲ್ಯವಿರಲಿಲ್ಲ, ಚಟ್ನಿಯೂ ಇರಲಿಲ್ಲ. ಏನೋ ಹೇಳಲು ಬಂದವಳು ಹೇಗೆ ಹೇಳಲಿ ಎಂದು ಯೋಚಿಸುತ್ತಿರುವುದು ಕಂಡಿತು.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ" ಎಂದಳು. "ನಿಮ್ಮ ಕೊಳವ್ಯಾಗ ಹೊಗಿ ಕಾಣವಲ್ದು. ಮೊದಲ ಅಣ್ಣಾರು ಬೆಂಕಿ ಹಾಕಿದ್ದು ನಮ್ಮ ಅಡಗಿಮನಿ ಕಿಡಕ್ಯಾಗ ಕಾಣತಿತ್ತು. ಹೊಗಿ ಎದ್ದಿತು ಅಂದ್ರ ನಾ ಚಾ ಇಡತಿದ್ದೆ, ಸಂಜಿ ಆತು ಅಂತ. ಈಗ ಹೊತ್ತ ತಿಳೀವಲ್ದಾಗೇತಿ. ಇವರೂ ಮ್ಯಾಲ ಹೋಗಿ ನೋಡತಾರ, ಇಳದ ಬರ್ತಾರ, ಸುಮ್ಮನ ಕುಂಡ್ರತಾರ."

ಅವಳು ಸೆರಗು ಸರಿಮಾಡಿಕೊಂಡು ಹೋದಳು.

ಆ ಕೊಳವೆಯ ಬಗ್ಗೆ ನಾವು ಎಷ್ಟು ತಲೆ ಕೆಡಿಸಿಕೊಂಡಿದ್ದೆವು! ಅಗಲ, ಎತ್ತರ, ಬೂದಿ, ಟೋಪಿ, ಕೊಂಡಿ. ಎಲ್ಲವೂ ಕೆಳಗೆ ಕೂತವರ ಸಲುವಾಗಿ ಎಂದುಕೊಂಡಿದ್ದೆ. ಬೆಂಕಿಯ ಮುಂದೆ ಕೂತವರಿಗೆ ತಮ್ಮ ಮನೆಯ ಹೊಗೆ ಕಾಣುವುದಿಲ್ಲ. ಅದನ್ನು ನೋಡಲು ಪಕ್ಕದ ಮನೆಯಲ್ಲಿ ಇರಬೇಕು.

ಕಟ್ಟಿಗೆ ತಂದೆ. ಕಾಗದ ಹೊತ್ತಿಸಿ ಮೊದಲು ಕೊಳವೆಯನ್ನು ಎಬ್ಬಿಸಿದೆ. ಉರಿ ಬಾಗಿ ಮೇಲೆ ಹೋಯಿತು. ಆಮೇಲೆ ಹಿತ್ತಲ ಬಾಗಿಲು ತೆರೆದು ನಿಂತೆ. ಸ್ವಲ್ಪ ಹೊತ್ತಿಗೆ ಶಾಂತವ್ವನ ಅಡುಗೆಮನೆಯಲ್ಲಿ ದೀಪ ಹತ್ತಿತು. ಪಾತ್ರೆಗೆ ನೀರು ಸುರಿದ ಸದ್ದು ಕೇಳಿತು. ಸದ್ದು ದೊಡ್ಡದಾಗಿಯೇ ಇತ್ತು. ಚಹಾ ಮೂವರಿಗೆ ಇಡುತ್ತಿದ್ದಳು ಎಂದು ಕಾಣುತ್ತದೆ.